ಒಬ್ಬಳೇ ಇರುವಾಗ ಕೈ ಕೆಡದಂತೆ

ಮಲ್ಲೇಶ್ವರ, ಬೆಂಗಳೂರು
೧೪ ಜುಲೈ ೧೯೫೩

ಚಿ. ಸೌ. ಗೋದಾಳಿಗೆ,

ನಿನ್ನ ಅಣ್ಣ ವರದರಾಜನ ಆಶೀರ್ವಾದ. ಅಮ್ಮ, ನಿನ್ನ ಅತ್ತಿಗೆ ಆಂಡಾಳ್, ನಾನು, ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಹೋದರೆ ಪೆನ್ನು ನಿಲ್ಲುತ್ತದೆ, ಆದ್ದರಿಂದ ಇದ್ದೇವೆ ಎಂದಷ್ಟೇ ಬರೆದೆ. ನಿನ್ನ ಯಜಮಾನರು ಸಂಪತ್ಕುಮಾರ್ ಅವರೂ ಅತ್ತೆಯವರೂ ಕ್ಷೇಮವೆಂದು ನಂಬಿದ್ದೇನೆ.

ನೀನು ಕಾಗದ ಹಾಕಿದ್ದು ಯುಗಾದಿ ಕಳೆದ ಹೊಸದರಲ್ಲಿ. ಈಗ ಆಷಾಢ ಹಿಡಿದಿದೆ. ಇಷ್ಟು ತಡಮಾಡಿದ್ದಕ್ಕೆ ನೀನು ನನ್ನನ್ನು ಎಷ್ಟು ಬೈದುಕೊಂಡರೂ ಸರಿಯೇ. ನೀನು ಕೇಳಿದ್ದು ಒಂದೇ ಸಾಲು. ‘ಅಣ್ಣಾ, ಒಬ್ಬಳೇ ಇರುವಾಗ ಕೈ ಕೆಡದಂತೆ ಅಭ್ಯಾಸ ಮಾಡುವುದು ಹೇಗೆ, ಬೇಗ ಬರಿ.’ ದಾವಣಗೆರೆಯ ಆಫೀಸರುಗಳ ಕ್ಲಬ್ಬಿನಲ್ಲಿ ಒಳ್ಳೆಯ ಸ್ನೂಕರ್ ಮೇಜಿದೆ ಎಂದು ಸಂಪತ್ಕುಮಾರ್ ಅವರು ಮದುವೆಯ ಮಾತುಕತೆಯ ದಿನವೇ ಹೇಳಿದ್ದರಲ್ಲ, ಅದು ನನ್ನ ಮನಸ್ಸಿನಲ್ಲಿತ್ತು. ಕ್ಲಬ್ಬು ಖಾಲಿ ಇರುವ ಹೊತ್ತಿನಲ್ಲಿ ನಿನ್ನನ್ನು ಕರೆದೊಯ್ಯುತ್ತಿದ್ದಾರೆ, ಜೊತೆಗೆ ಆಡುವವರು ಮಾತ್ರ ಇಲ್ಲ ಎಂದುಕೊಂಡು ಸಂತೋಷಪಟ್ಟೆ. ಬಾಯಿಗೆ ಬಂದದ್ದನ್ನು ಬರೆದು ಕಳಿಸುವುದಕ್ಕಿಂತ, ನಾನೇ ಒಂಟಿಯಾಗಿ ಆಡಿ ನೋಡಿ, ಫಲ ಕಂಡದ್ದನ್ನು ಮಾತ್ರ ಬರೆಯೋಣ ಎಂದು ಹೊರಟೆ. ಅದರಲ್ಲೇ ತಿಂಗಳುಗಳು ಹೋದವು.

ಒಂಟಿಯಾಗಿ ಆಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ ಗೋದಾ. ನೀನು ಹೋದ ಮೇಲೆ ನಮ್ಮ ಮನೆಯ ಮೇಜಿನ ಮೇಲೆ ಹೊದಿಸಿದ ಬಟ್ಟೆಯನ್ನು ನಾನು ತೆಗೆದೇ ಇರಲಿಲ್ಲ. ಆಂಡಾಳ್ ಅದರ ಮೇಲೆ ಹಪ್ಪಳ ಒಣಗಿಸಲೇ ಎಂದು ಕೇಳಿದಳು. ಪಾಪ, ತಮಾಷೆಗೇ ಕೇಳಿದ್ದು. ನಾನು ರೇಗಿದೆ. ಆಮೇಲೆ ನಿನ್ನ ಕಾಗದ ಬಂತು, ಬಟ್ಟೆ ತೆಗೆದೆ. ಹಾಲ್‌ನ ಕಿಟಕಿಯಿಂದ ಬರುವ ಬೆಳಗಿನ ಬಿಸಿಲು ಮೇಜಿನ ಹಸಿರು ಹಾಸಿನ ಮೇಲೆ ಅದೇ ಕೋನದಲ್ಲಿ ಬಿದ್ದಿತ್ತು. ಕಾಲೇಜಿಗೆ ಹೊರಡುವ ಮುಂಚೆ ದಿನಾ ಸ್ವಲ್ಪ ಹೊತ್ತು ಆಡುತ್ತಿದ್ದೇನೆ.

ಮೊದಲು ಬಿಳಿ ಚೆಂಡು ಒಂದನ್ನೇ ಇಟ್ಟುಕೋ. ಕಂದು ಚೆಂಡು ಕೂರುವ ಗುರುತಿನ ಮೇಲೆ ಅದನ್ನಿಟ್ಟು, ನೀಲಿ, ಗುಲಾಬಿ, ಕಪ್ಪಿನ ಗುರುತುಗಳ ಮೇಲೆ ಹಾಯುವಂತೆ ನೇರ ಹೊಡೆ. ಅದು ಆಚೆ ಅಂಚಿಗೆ ತಾಗಿ ಅದೇ ದಾರಿಯಲ್ಲಿ ಹಿಂದಿರುಗಿ ನಿನ್ನ ಕೋಲಿನ ತುದಿಗೆ ಬಂದು ಮುಟ್ಟಬೇಕು. ಒಂದು ಕಡೆಗೆ ವಾಲಿದರೆ ನೀನು ಚೆಂಡಿನ ನಡುವಿಗೆ ಹೊಡೆದಿಲ್ಲವೆಂದೇ ಅರ್ಥ. ನನಗೆ ಮೊದಮೊದಲು ಪ್ರತಿ ಸಲವೂ ಎಡಕ್ಕೆ ಬರುತ್ತಿತ್ತು. ಎದುರಾಳಿ ಇದ್ದಾಗ ಈ ತಪ್ಪು ಕಾಣುವುದೇ ಇಲ್ಲ. ಚೆಂಡು ಪಾಕೆಟ್ಟಿಗೆ ಬಿದ್ದರೆ ಸಾಕು ಎನ್ನಿಸಿಬಿಡುತ್ತದೆ. ಹೊಡೆದ ಮೇಲೆ ತಲೆ ಎತ್ತಬೇಡ. ಅಪ್ಪ ನಿನ್ನ ತಲೆಯ ಮೇಲೆ ಅಂಗೈ ಇಟ್ಟು ‘ಏಳ್ಬೇಡ, ಚೆಂಡು ಎಲ್ಲಿಗೂ ಓಡ್‌ಹೋಗಲ್ಲ’ ಎನ್ನುತ್ತಿದ್ದರಲ್ಲ. ಈಗ ಹಾಗೆ ಅಂಗೈ ಇಡುವವರಿಲ್ಲ, ನಾವೇ ತಗ್ಗಿಸಿಕೊಂಡಿರಬೇಕು.

ಕೈ ನೇರವಾಯಿತು ಅನ್ನಿಸಿದ ಮೇಲೆ ನೀಲಿಯನ್ನು ಅದರ ಜಾಗದಲ್ಲಿಟ್ಟು ದೂರದ ಮೂಲೆಯ ಪಾಕೆಟ್ಟಿಗೆ ನೇರ ಹೊಡೆ. ನೀಲಿ ಬೀಳುವುದು ದೊಡ್ಡದಲ್ಲ. ನೀಲಿ ಇದ್ದ ಜಾಗದಲ್ಲೇ ಬಿಳಿ ಸತ್ತ ಹಾಗೆ ನಿಲ್ಲಬೇಕು. ಅದು ಬಂದರೆ, ಸ್ವಲ್ಪ ಮುಂದೆ ಹೋಗುವಂತೆ, ಸ್ವಲ್ಪ ಹಿಂದೆ ಬರುವಂತೆ ಹೊಡೆದು ನೋಡು. ಬಿಳಿ ಎಲ್ಲಿ ನಿಲ್ಲಬೇಕೆಂದು ಹೊಡೆಯುವ ಮುಂಚೆಯೇ ಬಾಯಿಬಿಟ್ಟು ಹೇಳು. ನಾನು ಗಟ್ಟಿಯಾಗಿ ಹೇಳುವುದನ್ನು ಕೇಳಿ ಅಮ್ಮ ಅಡಿಗೆಮನೆಯಿಂದ ‘ಯಾರ ಜೊತೆ ಮಾತೋ?’ ಎಂದರು. ‘ಯಾರೂ ಇಲ್ಲಮ್ಮ’ ಎಂದೆ.

ಕೆಂಪು ಚೆಂಡುಗಳನ್ನು ನೀಲಿಯಿಂದ ಕಪ್ಪಿನವರೆಗೆ ನಡುಗೆರೆಯಲ್ಲಿ ಸಾಲಾಗಿ ಇಟ್ಟುಕೊಂಡು, ಒಂದು ಕೆಂಪು, ಒಂದು ಬಣ್ಣ ಎಂದು ತೆಗೆಯುತ್ತಾ ಹೋಗುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ. ಎಲ್ಲ ಕೆಂಪನ್ನೂ ಇಡಬೇಡ, ಎದೆಗುಂದುತ್ತದೆ. ಮೂರು ನಾಲ್ಕು ಇಟ್ಟು, ಮೇಜು ಖಾಲಿಯಾದರೆ ಮಾತ್ರ ಇನ್ನೊಂದು ಸೇರಿಸು. ಇಲ್ಲಿ ಒಂದು ಮಾತು. ಹೊಡೆತ ತಪ್ಪಿದಾಗ ಯಾರೂ ನೋಡಲಿಲ್ಲವೆಂದು ಚೆಂಡನ್ನು ಕೈಯಿಂದ ಎತ್ತಿ ಮತ್ತೆ ಹಳೆಯ ಜಾಗಕ್ಕೆ ಇಟ್ಟುಕೊಳ್ಳುವ ಆಸೆಯಾಗುತ್ತದೆ. ಬೇಡ. ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಮುಂದಿನ ಹೊಡೆತ ಹುಡುಕು. ನಾನು ಹೀಗೆ ಮಾಡತೊಡಗಿದ ಮೇಲೆಯೇ ಆಟ ಸುಧಾರಿಸಿದ್ದು. ಬೇಸರ ಬಂದ ದಿನ ಒಂದೇ ಒಂದು ಕೆಂಪನ್ನಿಟ್ಟು, ಅದಕ್ಕೆ ಮೆಲ್ಲನೆ ತಾಗಿಸಿ ಬಿಳಿಯನ್ನು ಕಂದು ಚೆಂಡಿನ ಹಿಂದೆ ಅಡಗಿಸುವುದನ್ನು ಮಾಡು. ಅದು ನಿನ್ನ ಕೈಯ ಆಟ. ನನಗೆ ಇವತ್ತಿಗೂ ಬರುವುದಿಲ್ಲ.

ಇಷ್ಟು ಬರೆಯುವಾಗ ಅಪ್ಪ ಈ ಮೇಜು ತಂದ ದಿನ ಕಣ್ಣಿಗೆ ಕಟ್ಟಿತು. ದಂಡಿನ ಕಡೆಯ ಇಂಗ್ಲಿಷ್ ಅಧಿಕಾರಿ ಊರಿಗೆ ಹೊರಟು ಬಂಗಲೆಯ ಸಾಮಾನೆಲ್ಲ ಹರಾಜು ಹಾಕಿದಾಗ, ಒಂದು ಬೀರು ತರುತ್ತೇನೆಂದು ಹೋದ ಅಪ್ಪ ಎತ್ತಿನ ಗಾಡಿಗಳ ಮೇಲೆ ಈ ಮೇಜಿನ ಕಲ್ಲಿನ ಹಾಸುಗಳನ್ನು ಹೇರಿಸಿಕೊಂಡು ಬಂದರು. ಒಳಗೆ ತರಲು ಬಾಗಿಲ ಚೌಕಟ್ಟನ್ನೇ ಕಳಚಬೇಕಾಯಿತು. ‘ದೇವರ ಮನೆಗಿಂತ ದೊಡ್ಡದಾಗಿದೆಯಲ್ಲ ಇದು! ಹುಡುಗಿ ಮದುವೆಗೆ ಜನ ಬಂದ್ರೆ ಎಲ್ಲಿ ಕೂರಿಸ್ತೀರಿ?’ ಎಂದು ಅಮ್ಮ ಕೂಗಾಡಿದರು. ಅಪ್ಪನಿಗೆ ಆಡಲು ಬರುತ್ತಿರಲಿಲ್ಲ, ಪುಸ್ತಕ ತರಿಸಿ ಓದಿ ಹೇಳಿಕೊಟ್ಟರು. ನಾನು ಫಿಸಿಕ್ಸ್ ಓದಿದವನು, ಕೋನಗಳ ಲೆಕ್ಕ ಹಾಕಿಕೊಂಡು ನಿಲ್ಲುತ್ತಿದ್ದೆ. ಅಷ್ಟರಲ್ಲಿ ನೀನು ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಹೊಡೆದು, ಎದ್ದು ಹೋಗಿರುತ್ತಿದ್ದೆ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ನೀನು ನನ್ನನ್ನು ಸೋಲಿಸುವುದು ಮಾಮೂಲಾಗಿತ್ತು.

ಆ ಬಸವನಗುಡಿಯ ಕ್ಲಬ್ಬಿನ ಪಂದ್ಯದ ದಿನವನ್ನು ನಾನು ಮರೆಯಲಾರೆ. ನಿನ್ನ ಹೆಸರು ಕೊಟ್ಟು ಬಂದಾಗ ಸುಮ್ಮನೆ ಬರೆದುಕೊಂಡಿದ್ದರು. ನಿನ್ನನ್ನು ಕಣ್ಣಾರೆ ನೋಡಿದ ಮೇಲೆ ಕಾರ್ಯದರ್ಶಿ ಗಂಗಾಧರಯ್ಯನವರು ಕೈಮುಗಿದರು. ‘ತಪ್ಪು ತಿಳೀಬೇಡೀಮ್ಮ. ಹೆಣ್ಮಕ್ಕಳು ಧಾರಾಳವಾಗಿ ನೋಡ್ಬಹುದು. ಆಡೋದಕ್ಕೆ ನಮ್ಮಲ್ಲಿ ರೂಢಿ ಇಲ್ಲ.’ ನಾನು ಜಗಳಕ್ಕೆ ನಿಂತೆ. ನೀನು ನನ್ನ ತೋಳು ಹಿಡಿದೆ. ‘ಬಿಡಣ್ಣ, ನೋಡೋಣ’ ಎಂದೆ. ಸಂಜೆಯವರೆಗೂ ನೀನು ಬೆಂಚಿನ ಮೇಲೆ ಕುಳಿತು ನೋಡಿದೆ. ವಾಪಸು ಬರುವ ಬಸ್ಸಿನಲ್ಲಿ ಯಾರ ಮೊಣಕೈ ಎಲ್ಲಿ ಅಲುಗಾಡುತ್ತದೆ, ಗೆದ್ದವರು ಎಲ್ಲಿ ಹೆದರಿದರು ಎಂದೆಲ್ಲ ಹೇಳುತ್ತಾ ಬಂದೆ. ಮೆಜೆಸ್ಟಿಕ್ ದಾಟಿದ ಮೇಲೆ ಮಾತು ನಿಲ್ಲಿಸಿದೆ. ನಾನು ನಿನ್ನ ಮುಖ ನೋಡಲಿಲ್ಲ.

ಅಮ್ಮ ಈಗ ಹಾಲ್‌ನ ಹೊಸ್ತಿಲ ಹತ್ತಿರ ಕುಳಿತು ಅಕ್ಕಿ ಆರಿಸುತ್ತಾರೆ. ಮೊದಲಿನಂತೆ ಮೇಜನ್ನು ಬೈಯುವುದಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ, ‘ಅವಳು ಹೊಡೆದಾಗ ಸದ್ದೇ ಬೇರೆ ಇರ್ತಿತ್ತು ಕಣೋ. ನೀನು ಹೊಡೆದ್ರೆ ಕಾಯಿ ಒಡೆದ ಹಾಗಿರುತ್ತೆ’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಮದುವೆಯಾದ ಮೊದಲನೇ ಆಷಾಢ, ಮಗಳನ್ನು ಕಳಿಸಿಕೊಡಿ ಎಂದು ಅವರು ಬರೆಸಿದ್ದಕ್ಕೆ ಸಂಪತ್ಕುಮಾರ್ ಅವರಿಂದ ‘ಈ ಸಲ ಅನುಕೂಲವಿಲ್ಲ’ ಎಂದು ಒಂದು ಕಾರ್ಡು ಬಂದಿದೆ. ಅಮ್ಮ ಅದನ್ನು ಮತ್ತೆ ಮತ್ತೆ ಓದಿಸಿದರು. ಅದರಲ್ಲಿ ಇನ್ನೇನಾದರೂ ಬರೆದಿರಬಹುದೆಂದು ಅವರ ಆಸೆ. ನಿನ್ನ ಕೈಬರಹದಲ್ಲಿ ಒಂದಕ್ಷರವೂ ಇರಲಿಲ್ಲ. ಮೈಗೆ ಹುಷಾರಿಲ್ಲವೇ? ನನ್ನ ಮೇಲೆ ಕೋಪವೇ? ನಮ್ಮ ಬದರೀನಾರಾಯಣ ಇನ್ಶೂರೆನ್ಸ್ ಕೆಲಸದ ಮೇಲೆ ಆ ಕಡೆಗೆ ಹೋಗಿದ್ದಾನೆ, ನಿನ್ನನ್ನು ನೋಡಿಕೊಂಡು ಬಾ ಎಂದು ಹೇಳಿದ್ದೇನೆ. ಅಮ್ಮ ಅವನ ಕೈಯಲ್ಲಿ ಸಜ್ಜಪ್ಪ ಕಳಿಸಿದ್ದಾರೆ.

ಅಭ್ಯಾಸ ಬಿಡಬೇಡ. ನೂರು ಕಾಲ ಸುಮಂಗಲಿಯಾಗಿ ಬಾಳು ಎಂದು ಅಮ್ಮ ಬರೆಸುತ್ತಿದ್ದಾರೆ. ನಿನ್ನ ಕೈಗೂ ಕಣ್ಣಿಗೂ ದೇವರು ಒಳ್ಳೆಯದು ಮಾಡಲಿ ಎಂದು ನಾನು ಸೇರಿಸುತ್ತೇನೆ.

ನಿನ್ನ ಪ್ರೀತಿಯ ಅಣ್ಣ,
ವರದರಾಜ

ಮುಗಿಸಿದ ಮೇಲೆ ಬರೆದದ್ದು, ೧೭ ಜುಲೈ

ಮೇಲಿನ ಕಾಗದ ಅಂಚೆಗೆ ಹೋಗುವ ಮುಂಚೆಯೇ ಬದರಿ ಬಂದ. ಸಜ್ಜಪ್ಪದ ಡಬ್ಬಿಯನ್ನು ಹಾಗೆಯೇ ವಾಪಸು ತಂದಿದ್ದ. ನೀರು ಕೊಟ್ಟರೂ ಕುಡಿಯಲಿಲ್ಲ.

‘ಹೇಗೆ ಹೇಳ್ಲೋ ಗೊತ್ತಾಗ್ತಿಲ್ಲ ವರದಾ’ ಎಂದ. ನಿನ್ನ ಅತ್ತೆಯವರು ಅವನನ್ನು ಒಳಗೆ ಬಿಡಲಿಲ್ಲವಂತೆ. ‘ಅವಳಿಗೆ ಏನೋ ಹಿಡ್ಕೊಂಡಿದೆ, ಯಾರನ್ನೂ ನೋಡೋಲ್ಲ’ ಎಂದರಂತೆ. ಸಂಪತ್ಕುಮಾರ್ ಬೀದಿಯವರೆಗೆ ಬಂದು ಹೇಳಿದ್ದಿಷ್ಟು: ‘ಬಂದಾಗಿನಿಂದ ಕ್ಲಬ್ಬಿಗೆ ಕರ್ಕೊಂಡು ಹೋಗಿ ಅಂತ ಒಂದೇ ಹಟ. ಹೆಂಗಸರಿಗೆ ಅಲ್ಲೇನು ಕೆಲಸ ಅಂದೆ. ಯುಗಾದಿ ಆದ್ಮೇಲೆ ಕೇಳೋದು ಬಿಟ್ಲು. ಆಮೇಲೆ ಮಾತೇ ಬಿಟ್ಲು. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸೋಣ ಅಂತಿದೀವಿ.’

ಬದರಿ ಹಿತ್ತಲ ಕಡೆಯಿಂದ ಹೋಗಿ ನೋಡಿದನಂತೆ. ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿತ್ತು. ಕಿಟಕಿಯಲ್ಲಿ ನೀನು ಕಂಡೆ. ಅಕ್ಕಿ ಪೆಟ್ಟಿಗೆಯ ಮೇಲೆ ಖಾಲಿ ಔಷಧದ ಸೀಸೆಯೊಂದನ್ನು ಮಲಗಿಸಿಟ್ಟು, ಗಲ್ಲ ತಗ್ಗಿಸಿ ಬಗ್ಗಿ, ಬಟ್ಟೆ ಹರವುವ ಬಿದಿರು ಕೋಲನ್ನು ಅದರ ಬಾಯೊಳಗೆ ತೂರಿಸಿ ಹಿಂದಕ್ಕೆಳೆಯುತ್ತಿದ್ದೆ. ‘ಒಳಗೆ, ಹೊರಗೆ, ಒಳಗೆ, ಹೊರಗೆ. ನಾನು ಕೂಗಿದ್ರೂ ತಿರುಗಿ ನೋಡ್ಲಿಲ್ಲ ಕಣೋ’ ಎಂದು ಅವನು ಅತ್ತ.

ನಾನು ಅವನನ್ನು ಕೇಳಿದೆ, ‘ಕೋಲು ಸೀಸೆಗೆ ತಗುಲ್ತಿತ್ತಾ?’

ನನಗೂ ತಲೆ ಕೆಟ್ಟಿತೆಂದು ಅವನಿಗೆ ಅನ್ನಿಸಿರಬೇಕು. ಸ್ವಲ್ಪ ಯೋಚಿಸಿ, ‘ಇಲ್ಲ. ಸದ್ದೇ ಇರ್ಲಿಲ್ಲ’ ಎಂದ.

ಗೋದಾ, ಮೇಜು ಜೋಡಿಸುವ ಆಳು ಬರುವುದು ತಡವಾಗಿ ಕಲ್ಲುಗಳೆಲ್ಲ ಗೋಡೆಗೆ ಒರಗಿದ್ದ ಆ ದಿನಗಳಲ್ಲಿ, ಅಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟ ಮೊದಲ ಪಾಠ ಅದು. ಸೀಸೆಯ ಬಾಯಿಗೆ ತಗುಲದೆ ಕೋಲು ಒಳಗೆ ಹೋಗಿ ಬಂದರೆ ಕೈ ನೇರವಾಗಿದೆ ಎಂದು ಅರ್ಥ. ನಾನು ಇಷ್ಟುದ್ದ ಬರೆದೆ, ಅದೊಂದನ್ನು ಬರೆಯಲಿಲ್ಲ. ನಿನ್ನ ಎದುರಿಗೆ ಮೇಜಿದೆ ಎಂದುಕೊಂಡಿದ್ದೆ. ನಾನು ಇಲ್ಲಿ ಬಿಸಿಲಿನಲ್ಲಿ ನಿಂತು ನೀಲಿ ಚೆಂಡು ಹೊಡೆಯುತ್ತಿದ್ದ ತಿಂಗಳುಗಳೆಲ್ಲ ನೀನು ಆ ಕೋಣೆಯಲ್ಲಿದ್ದೆ.

ಬದರಿ ಹೇಳಿದ್ದನ್ನೆಲ್ಲ ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ‘ಹೋಗಿ ಕರ್ಕೊಂಡ್ಬಾ’ ಎಂದರು. ‘ಅವರು ಕಳಿಸದೆ ಹೋದ್ರೆ?’ ಎಂದೆ. ‘ಕಳಿಸೋವರೆಗೂ ಅವರ ಜಗುಲಿ ಮೇಲೆ ಕೂತಿರು’ ಎಂದು ಒಳಗೆ ಹೋದರು. ಈಗ ದಾರಿಗೆಂದು ಬುತ್ತಿ ಕಟ್ಟುತ್ತಿದ್ದಾರೆ, ವಾಪಸು ಬರುವಾಗ ನಿನಗೂ ಆಗುವಷ್ಟು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಜೇಬಿನಲ್ಲಿಟ್ಟುಕೊಂಡು ಇವತ್ತಿನ ರೈಲಿಗೆ ಹೊರಡುತ್ತೇನೆ, ಬದರಿಯೂ ಬರುತ್ತಾನೆ. ನೀನು ಓದುವ ಸ್ಥಿತಿಯಲ್ಲಿ ಇರುವೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲದಿದ್ದರೆ ವಾಪಸು ಬರುವಾಗ ನಾನೇ ಓದಿ ಹೇಳುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ನನ್ನ ಗುರುತು ಹತ್ತದಿದ್ದರೂ ಪರವಾಗಿಲ್ಲ. ಅಗಳಿ ತೆಗೆದ ಕೂಡಲೇ ನನ್ನ ಹಿಂದೆ ಬಂದುಬಿಡು.