ಓರೆಯಿಂದ ಕಾಣುವ ನೇರಳೆ

ಸೋಮನೂರು,
16 ನವೆಂಬರ್ 2024, ಶನಿವಾರ

ಪ್ರೀತಿಯ ಕುಮರೇಶಾ,

ಹೇಗಿದ್ದೀಯಪ್ಪ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿದ್ದೆ ಬರುತ್ತದೆಯಾ? ನಿದ್ದೆಯ ಮಾತನ್ನು ಸುಮ್ಮನೆ ಕೇಳುತ್ತಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ, ಎಣ್ಣೆ ಹಚ್ಚುವಾಗೆಲ್ಲ ನಿನ್ನ ಹೆಸರೆತ್ತುತ್ತಾಳೆ. ಚೆನ್ನೈಗೆ ಹೋದ ಮೇಲೆ ಮೂರು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ, ಅದಕ್ಕೇ ಈ ಕಾಗದ. ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ಈ ತಮಿಳು ಸೀಮೆಯಲ್ಲಿ ತಾತ ಮಗ್ಗದ ಪಕ್ಕ ಕೂರಿಸಿಕೊಂಡು ಈ ಅಕ್ಷರ ಕಲಿಸಿದ್ದು ನಮ್ಮಿಬ್ಬರಿಗೆ ಮಾತ್ರ. ಅಮ್ಮನಿಗೆ ಓದಲು ಬಾರದು, ನಿನ್ನ ರೂಮಿನವರಿಗೂ ಬಾರದು. ಇದನ್ನು ನೀನೊಬ್ಬನೇ ಓದಬೇಕು.

ಸಿಂಗಾನಲ್ಲೂರಿನ ವರ್ಕ್‌ಶಾಪಿನಲ್ಲಿ ನನ್ನ ಕೆಲಸ ಮೊದಲಿನಂತೆಯೇ ನಡೆದಿದೆ. ನಾನು ಬಣ್ಣ ಬೆರೆಸಿ ಹೊಂದಿಸಿ ಕೊಡುತ್ತೇನೆ, ನವನೀತನ್ ಗಾಡಿಗಳಿಗೆ ಹೊಡೆಯುತ್ತಾನೆ. ಮೆಟಾಲಿಕ್ ಬಣ್ಣದ ಕಾಟ ನಿನಗೆ ಗೊತ್ತೇ ಇದೆ. ಅದರೊಳಗಿನ ಅಲ್ಯೂಮಿನಿಯಂ ಪುಡಿ ಎದುರಿನಿಂದ ನೋಡಿದರೆ ಒಂದು ಬಣ್ಣ ತೋರಿಸುತ್ತದೆ, ಓರೆಯಿಂದ ನೋಡಿದರೆ ಇನ್ನೊಂದು. ಕಂಪ್ಯೂಟರ್ ಹೇಳಿದ ಅಳತೆಯಲ್ಲೇ ಬೆರೆಸಿದರೂ ಬಿಸಿಲಿಗೆ ಬೆಂದ ಹಳೇ ಕಾರಿಗೆ ಕೂಡುವುದಿಲ್ಲ. ಕೊನೆಗೆ ಕಣ್ಣೇ ಗತಿ. ನೂಲಿಗೆ ಬಣ್ಣ ಹಾಕುತ್ತಿದ್ದ ಅಪ್ಪನ ಕಣ್ಣು ನನಗೇ ಬಂದಿದೆ ಅಂತ ನೀನೇ ಹೇಳುತ್ತಿದ್ದೆಯಲ್ಲ. ನೀನು ಬೆಳ್ಳಿ ಬಣ್ಣದ ಕಾರು ತಂದ ವಾರವೇ ಗೇಟಿಗೆ ಉಜ್ಜಿ ಮುಂದಿನ ಎಡ ಮೂಲೆ ಕೆಡಿಸಿಕೊಂಡೆ. ಡಬ್ಬಿಗಳ ತಳದಲ್ಲಿ ಉಳಿದಿದ್ದ ಬೆಳ್ಳಿಗೆ ಛಾಯೆ ಹೊಂದಿಸಲು ನಾನು ನೇರಳೆ ಸುರಿಯುವಾಗ ಕೈತಪ್ಪಿ ಜಾಸ್ತಿಯಾಯಿತು. ಹೊಡೆದ ಮೇಲೆ ಆ ಮೂಲೆ ಎದುರಿನಿಂದ ಬೂದಿ, ಓರೆಯಿಂದ ನೇರಳೆಹಣ್ಣು. "ಇರ್ಲಿ ಬುಡಕ್ಕಾ, ಊರಲ್ಲಿ ಯಾರಿಗೂ ಇಲ್ದ ಕಲರ್" ಅಂತ ನೀನು ನಕ್ಕೆ. ಆ ಬಣ್ಣದ ಅಳತೆ ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ನಾನೂ ಬರೆದಿಟ್ಟಿಲ್ಲ. ಅವತ್ತು ಹೊಡೆದು ನೋಡಿದ ಒಂದು ಕಾರ್ಡ್ ಮಾತ್ರ ನನ್ನ ಬೀರುವಿನಲ್ಲಿ ಉಳಿದಿತ್ತು.

ದೀಪಾವಳಿ ಮುಗಿದ ಮೇಲಿನ ಸೋಮವಾರ ಒಬ್ಬ ಹೆಂಗಸು ಸರಕಿನ ಆಟೋದಲ್ಲಿ ಒಂದು ಹಸಿರು ಮೊಪೆಡ್ ಹಾಕಿಕೊಂಡು ಬಂದಳು. ಹೆಸರು ರಾಮಾಯಿ. ಕರುಮತ್ತಂಪಟ್ಟಿಯವಳು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಗಂಡ ಹೆಂಡತಿ ಇಬ್ಬರೂ ಪವರ್‌ಲೂಮ್ ಕೆಲಸದವರು. ಗಂಡ ಮುತ್ತುಸಾಮಿ ಆಗಸ್ಟ್ ಒಂಬತ್ತರಂದು ಮುಸ್ಸಂಜೆ ಅದೇ ಮೊಪೆಡ್ಡಿನಲ್ಲಿ ಅವಳನ್ನು ಕೂರಿಸಿಕೊಂಡು ಬರುವಾಗ ಯಾವುದೋ ವಾಹನ ಗುದ್ದಿ ಹೋಯಿತಂತೆ. ಅವರು ಉಳಿಯಲಿಲ್ಲ. ಇವಳ ಕಾಲಿಗೆ ಕಬ್ಬಿಣ ಹಾಕಿದ್ದಾರೆ. ಠಾಣೆಯಿಂದ ಬಿಡಿಸಿಕೊಂಡ ಗಾಡಿಯನ್ನು ನೇರ ನನ್ನ ಮುಂದೆ ನಿಲ್ಲಿಸಿ, "ಅಮ್ಮಣೀ, ಅವ್ರು ಇದ್ದಾಗ ವಂಡಿ ಹೆಂಗಿತ್ತೋ ಹಂಗೇ ಆಗ್ಬೇಕು" ಅಂದಳು.

ಬಲಗಡೆಯ ತಗಡಿನ ಮೇಲೆ ಕೈಯಗಲದ ಗೀರು. ಅದರೊಳಗೆ ಬೇರೆ ಗಾಡಿಯ ಬಣ್ಣ ಮೆತ್ತಿಕೊಂಡಿತ್ತು. ಬೂದಿ ಬಣ್ಣ ಅಂದುಕೊಂಡೆ. ಅಭ್ಯಾಸಬಲದಿಂದ ತಲೆ ಓರೆ ಮಾಡಿ ನೋಡಿದೆ. ನೇರಳೆ. ಕುಮರೇಶಾ, ಆಗಸ್ಟ್ ಹತ್ತರ ಬೆಳಿಗ್ಗೆ ಅಮ್ಮ ಕಾಫಿ ಇಡುವ ಮೊದಲೇ ಕೆಲಸ ಸಿಕ್ಕಿತು ಅಂತ ಕಾರು ತೆಗೆದುಕೊಂಡು ಹೊರಟವನು ನೀನು. ಮರುದಿನ ಆ ಕಾರ್ಡನ್ನು ಒಯ್ದು ಗೀರಿಗೆ ತಾಗಿಸಿ ಹಿಡಿದೆ. ನೆರಳಲ್ಲಿ ನೋಡಿದೆ, ಬಿಸಿಲಲ್ಲಿ ನೋಡಿದೆ, ಬಗ್ಗಿ ನೋಡಿದೆ. ಎರಡರ ನಡುವೆ ಗೆರೆಯೇ ಇಲ್ಲ. ಹನ್ನೆರಡು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಸರಿಯಾಗಿ ಯಾವ ಬಣ್ಣವೂ ಕೂಡಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಕೇಳಿದರೆ ನಿನಗೆ ಸಮಾಧಾನವಾದೀತು, ನನಗೆ ಹೇಸಿಗೆಯಾಗುತ್ತದೆ. ಎಲ್ಲಾ ಉಜ್ಜಿ ತೆಗೆ ಅಂತ ನವನೀತನಿಗೆ ಹೇಳಿದೆ. ಅವನು ತಗಡು ಕಾಣುವ ತನಕ ಉಜ್ಜಿ, ಪ್ರೈಮರ್ ಕೊಟ್ಟು, ನಾನು ಹೊಂದಿಸಿದ ಹಸಿರು ಹೊಡೆದ. ಬೆಳಿಗ್ಗೆ ಬಂದು ನೋಡಿದರೆ ಎದುರಿನಿಂದ ಚೊಕ್ಕ ಹಸಿರು, ಓರೆಯಿಂದ ಅದೇ ಗೀರು, ಅದೇ ಕೈಯಗಲ, ನೇರಳೆ. "ಥಿನ್ನರ್ ಜಾಸ್ತಿ ಆಯ್ತೋ ಏನೋ ಅಕ್ಕಾ" ಅಂದ ನವನೀತನ್, ಆದರೆ ಆ ಗಾಡಿಯ ಹತ್ತಿರ ಮತ್ತೆ ಹೋಗಲಿಲ್ಲ. ಎರಡನೇ ಸಲ ನಾನೇ ಉಜ್ಜಿದೆ, ನಾನೇ ಹೊಡೆದೆ. ಕೆಳಗಿನ ಹಳೇ ಬಣ್ಣ ಕೆಂಪಾಗಿದ್ದರೆ ಅದು ಕೆಲವೊಮ್ಮೆ ಹೊಸ ಬಣ್ಣದೊಳಗಿಂದ ಮೇಲಕ್ಕೆ ಜಿನುಗುವುದುಂಟು. ಲೋಹದ ಪುಡಿ ಜಿನುಗುವುದಿಲ್ಲ. ಅದೂ ತಗಡಿನ ತನಕ ಉಜ್ಜಿದ ಮೇಲೆ ಜಿನುಗಲು ಅಲ್ಲಿ ಏನಿತ್ತು? ಆದರೂ ಬೆಳಗಾಗುವಷ್ಟರಲ್ಲಿ ಬಂದಿತ್ತು.

ರಾಮಾಯಿ ದಿನವೂ ನಾಲ್ಕು ಗಂಟೆಗೆ ಬಸ್ಸಿನಲ್ಲಿ ಬರುತ್ತಿದ್ದಳು. ಕೆಲಸ ಎಲ್ಲಿಗೆ ಬಂತು ಅಂತ ಒಂದು ದಿನವೂ ಕೇಳಲಿಲ್ಲ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಮೊಪೆಡ್ಡಿನ ಹಿಂದಿನ ಸೀಟಿಗೆ ಕಷ್ಟಪಟ್ಟು ಹತ್ತಿ, ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಖಾಲಿ ಮುಂದಿನ ಸೀಟಿನ ಕಡೆ ಬಾಗಿ ಏನೋ ಪಿಸುಗುಟ್ಟುತ್ತಾ ಅರ್ಧ ಗಂಟೆ ಕೂರುತ್ತಿದ್ದಳು. ದುಃಖ, ಕೂತುಕೊಳ್ಳಲಿ ಅಂತ ಎಲ್ಲರೂ ಸುಮ್ಮನಿದ್ದೆವು. ಮೊನ್ನೆ ಗುರುವಾರ ಅವಳು ಇಳಿದು ಬಾಟಲಿಯ ನೀರು ಕುಡಿಯಲು ಹೋದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹಿಂದಿನ ಸೀಟಿನ ಮೆತ್ತೆ ಕೂಡಲೇ ಮೇಲೆದ್ದಿತು. ಮುಂದಿನ ಸೀಟಿನ ರೆಕ್ಸಿನ್ ಮಾತ್ರ ನಡುವೆ ಕುಸಿದೇ ಇತ್ತು. ಯಾರೂ ಕೂತಿರಲಿಲ್ಲ ಕಣೋ. ನಾನು ನೋಡುತ್ತಿದ್ದಂತೆಯೇ ಅದು ನಿಧಾನವಾಗಿ, ಭಾರದ ಮನುಷ್ಯ ಕೈ ಊರಿ ಎದ್ದ ಹಾಗೆ, ಮೊದಲು ಹಿಂಬದಿ, ಆಮೇಲೆ ಮುಂಬದಿ, ಮೇಲೆದ್ದಿತು.

ರಾಮಾಯಿ ತಿರುಗಿ ನೋಡಿ, ಹೆದರಿದ ಮಗಳಿಗೆ ಧೈರ್ಯ ಹೇಳುವವಳಂತೆ ಅಂದಳು: "ಪಯಪ್ಪಡಬ್ಯಾಡ ಕಣ್ಣು. ಅವ್ರು ಯಾರ್ಗೂ ಕೆಡ್ಕು ಮಾಡೋರಲ್ಲ. ಈ ಕಲರ್ ಮಾಡಿದ ಕೈ ಯಾರ್ದು ಅಂತ ಕೇಳ್ತಾವ್ರೆ, ಅಷ್ಟೇ."

ನನ್ನ ಬಾಯಿಂದ ತಾನಾಗಿಯೇ ಬಂತು. "ನನ್ದೇ ಅಮ್ಮಾ. ಕಾರು ನನ್ನ ತಮ್ಮಂದು."

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ನಿಂತಲ್ಲೇ ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೇ ಮಾತು ಕೇಳಿದಳು. "ಅವ್ನು ಇಳಿದು ಬಂದ್ನಾ?" ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು. ಅವಳು ಬೇಲಿಯ ಪಕ್ಕ ಬಿದ್ದಿದ್ದಳಂತೆ. ಕಾರಿನಿಂದ ಒಬ್ಬ ಇಳಿದು ಬಂದು, ಫೋನಿನ ಬೆಳಕು ಹಾಕಿ, ಬಗ್ಗಿ ಮುತ್ತುಸಾಮಿಯ ಮುಖ ನೋಡಿದನಂತೆ. ಅವರು "ತಣ್ಣಿ" ಅಂದರಂತೆ, ನೀರು ಅಂತ. ಬೆಳಕು ಆರಿತು, ಬಾಗಿಲು ಹಾಕಿದ ಸದ್ದಾಯಿತು, ಕಾರು ಹೋಯಿತು. ಅವರು ಮತ್ತೆ ಒಂದು ಗಂಟೆ ಉಸಿರಾಡುತ್ತಿದ್ದರು. ಆಸ್ಪತ್ರೆಯಲ್ಲಿ ಎಲ್ಲರೂ ಜ್ವರದ ಕನಸು ಅಂದರಂತೆ. "ಕನ್ಸಾ ನಿಜಾನಾ, ಅದೊಂದು ಗೊತ್ತಾದ್ರೆ ಸಾಕು ಅಮ್ಮಣೀ" ಅಂದಳು. ಅದಕ್ಕೆ ಉತ್ತರ ಕೊಡಬಲ್ಲವನು ನೀನೊಬ್ಬನೇ. ಅದು ಕನಸಾಗಿರಲಿ ಅಂತ ಎರಡು ದಿನದಿಂದ ಚೌಡೇಶ್ವರಿಗೆ ಕೈ ಮುಗಿಯುತ್ತಿದ್ದೇನೆ. ನೀನು ಚಿಕ್ಕವನಿದ್ದಾಗ ಗಾಯಗೊಂಡ ಅಳಿಲನ್ನು ಅಂಗಿಯೊಳಗಿಟ್ಟುಕೊಂಡು ಮನೆಗೆ ತಂದವನು. ನೀನು ಆ ಮುಖ ನೋಡಿಯೂ ಬಿಟ್ಟು ಬಂದೆ ಅಂದರೆ ನಂಬಲು ನನ್ನಿಂದ ಆಗುತ್ತಿಲ್ಲ. ನಂಬದಿರಲೂ ಆಗುತ್ತಿಲ್ಲ.

ಮೂರನೇ ಸಲ ಉಜ್ಜಲು ಹೋಗಲಿಲ್ಲ. ಗೀರು ಹಾಗೇ ಇದೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಅವಳು ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೋ ಅಂದಿದ್ದಾಳೆ. ದೇವಿ ನಿನಗೆ ಒಳ್ಳೆ ಬುದ್ಧಿ ಕೊಟ್ಟು ಕಾಯಲಿ.

ನಿನ್ನ ಅಕ್ಕ,
ಗೋಮತಿ

ಮರೆಯುವ ಮುಂಚೆ: 25ನೇ ತಾರೀಕು ಸೋಮವಾರ ಹತ್ತು ಗಂಟೆಗೆ ರಾಮಾಯಿಯ ಜೊತೆ ಠಾಣೆಗೆ ಹೋಗುತ್ತಿದ್ದೇನೆ. ಅದಕ್ಕೆ ಮೊದಲು ನೀನೇ ಬಂದು ಹೇಳಿದರೆ ಪಕ್ಕದಲ್ಲಿ ನಿಲ್ಲುತ್ತೇನೆ. ಬರದಿದ್ದರೆ ಕಾರ್ಡ್ ಕೊಟ್ಟು ನಾನೇ ಹೇಳುತ್ತೇನೆ. ಇನ್ನೊಂದು ಮಾತು. ನಿನ್ನೆ ಸಂಜೆ ರಾಮಾಯಿ ನಿನ್ನ ವಿಳಾಸ ಕೇಳಿದಳು. ನೀವು ಹೋಗುತ್ತೀರಾ ಅಂದೆ. "ನಾನಲ್ಲ ಕಣ್ಣು, ಅವ್ರು" ಅಂದಳು. ಮೊಪೆಡ್ಡಿನ ಮುಂದೆ ನಿಂತು, ಬೀದಿ, ಮನೆ ನಂಬರ್ ಎಲ್ಲಾ ಗಟ್ಟಿಯಾಗಿ ಎರಡು ಸಲ ಓದಿ ಹೇಳಿದೆ. ಇವತ್ತು ಅವಳು ಬಂದು ಕೂತಳು, ಆದರೆ ಮುಂದಕ್ಕೆ ಬಾಗಿ ಪಿಸುಗುಟ್ಟಲಿಲ್ಲ. ಮುಂದಿನ ಸೀಟು ಕುಸಿಯಲೇ ಇಲ್ಲ. ಬೇಗ ಹೊರಟು ಬಾ.