ಕುಂಕುಮಕ್ಕೆ ಹೋದಲ್ಲೆಲ್ಲ

11 ಫೆಬ್ರವರಿ 1992, ವಿಶಾಖಪಟ್ಟಣ

ಹಾಲು ಉಕ್ಕಿ ಒಲೆಯೆಲ್ಲ ಹೊಲಸು. ಒರೆಸಿದ್ದಾಯ್ತು. ಶಾರದಾಗೆ ಗಂಜಿ, ಒಂದಿಷ್ಟು ಇಳೀತು. ಕೆಮ್ಮು ಹಾಗೇ ಇದೆ. ನಿನ್ನೆ ತಾನೇ ಆಸ್ಪತ್ರೆಯಿಂದ ಬಂದೆವು. ಬಕೆಟ್ಟಿಗೆ ನೀರು ಬಿಟ್ಟ ಸದ್ದಾದರೂ ಮಗು ಓಡಿ ಬಂದು ಸೆರಗು ಹಿಡ್ಕೊಳ್ಳುತ್ತೆ. ಇನ್ನೂ ಮೂರು ತುಂಬಿದೆ ಅಷ್ಟೇ.

ಬರೆದಿಡ್ತೀನಿ, ಮರೀಬಾರದು. ಗುರುವಾರ ಇವರ ಬ್ಯಾಂಕಿನ ಗಿರಾಕಿ ಮಗನ ರಿಸೆಪ್ಷನ್. ದ್ವಾರಕಾ ನಗರದ ಆ ಹೋಟೆಲು. ಊಟ ಸ್ವಿಮ್ಮಿಂಗ್ ಪೂಲಿನ ಪಕ್ಕ. ಶೋಗೆ ಅಂತ ನೀರೇ ಕಾಣದ ಹಾಗೆ ಚೆಂಡುಹೂವಿನ ಎಸಳು ಹರಡಿದ್ದರು. ಫೋಟೋಗೆ ಅಡ್ಡ ಅಂತ ಸುತ್ತಲಿನ ಬೇಲಿ ಕಿತ್ತು ಮೂಲೆಗೆ ಒರಗಿಸಿದ್ದರು. ನನ್ನ ಮಗಳು ಅದನ್ನ ಹೂವಿನ ರಂಗೋಲಿ ಅಂದ್ಕೊಂಡು ಕಾಲಿಟ್ಟಳು. ನಾನು ತಟ್ಟೆಗೆ ಕೈ ಚಾಚಿದ್ದೆ ಅಷ್ಟೇ. ಕೂಗಿಲ್ಲ, ಸದ್ದಿಲ್ಲ. ಹೂವು ಮತ್ತೆ ಕೂಡಿಕೊಂಡಿತು. ನೇವಿಯ ಪುಂಡಲೀಕ, ಧಾರವಾಡದ ಕಡೆಯವರು, ಎದುರಿಗೇ ನಿಂತಿದ್ದವರು ಬೂಟು ಸಮೇತ ಹಾರಿದರು. ಅವರಿಲ್ಲದಿದ್ರೆ...

ಹೋಟೆಲ್ ಮಾಲೀಕ ಸೂರ್ಯಪ್ರಕಾಶ ಬಂದ. ಮಗು ನನ್ನ ತೊಡೆ ಮೇಲೆ ನೀರು ಕಕ್ಕುತ್ತಿದೆ, ಅವನು ಎಲ್ಲರ ಮುಂದೆ ಹೇಳ್ತಾನೆ: "ತಲ್ಲಿಕಿ ಧ್ಯಾಸ ಲೇಕಪೋತೆ ಮೇಮೇಮಿ ಚೇಸ್ತಾಂ?" ತಾಯಿಗೇ ಗಮನ ಇಲ್ಲದಿದ್ರೆ ನಾವೇನು ಮಾಡೋಣ ಅಂತ. ಇವರು — ನನ್ನ ಗಂಡ! — "ಕರೆಕ್ಟ್ ಸಾರ್" ಅಂದರು. ಅವನ ಖಾತೆ ಇವರ ಬ್ರಾಂಚಲ್ಲೇ ಇದೆಯಲ್ಲ.

ನಿನ್ನ ಮನೆ ಹಾಳಾಗ, ಸೂರ್ಯಪ್ರಕಾಶ.

3 ಮಾರ್ಚ್

ಇವರ ಬ್ಯಾಂಕ್ ಮ್ಯಾನೇಜರ್ ಹೆಂಡತಿ ಸುಮಿತ್ರಾ ಬಂದಿದ್ದರು, ಕಿತ್ತಳೆಹಣ್ಣು ಹಿಡ್ಕೊಂಡು. "ನೀವು ಒಂಚೂರು ನೋಡ್ಕೋಬೇಕಿತ್ತು ವೇದವತಿ" ಅಂದರು. ಕಾಫಿ ಕೊಟ್ಟೆ. ಬೇಕಂತಲೇ ಸಕ್ಕರೆ ಹಾಕಲಿಲ್ಲ.

ಇಡೀ ಊರಿಗೆ ನಾನೀಗ ಮಗು ಮುಳುಗಿಸಿದ ತಾಯಿ. ಬೇಲಿ ಕಿತ್ತವನ ಹೆಸರು ಯಾರ ಬಾಯಲ್ಲೂ ಇಲ್ಲ.

22 ಜೂನ್, ವಿಜಯವಾಡ

ಟ್ರಾನ್ಸ್‌ಫರ್. ಒನ್ ಟೌನಿನಲ್ಲಿ ಮನೆ. ಸೆಕೆ... ಜೀವ ಬೇಯುತ್ತೆ. ಮನೆ ಓನರ್ ಗಂಗಾಭವಾನಿ ಮೇಲ್ಗಡೆ ಇದ್ದಾರೆ, ಒಳ್ಳೆ ಹೆಂಗಸು.

ಇವತ್ತು ಗವರ್ನರ್‌ಪೇಟೆಗೆ ಪಾತ್ರೆ ತರೋಕೆ ಹೋಗಿದ್ದೆ. ನೋಡಿದರೆ ಸೂರ್ಯಪ್ರಕಾಶನ ಇನ್ನೊಂದು ಹೋಟೆಲು! ಒಳಗೆ ಹೋಗಿ ನೋಡಿಯೇ ಬಂದೆ. ಪೂಲ್ ಇದೆ. ಬೇಲಿ ಅನ್ನೋದೇ ಇಲ್ಲ. ದೇವರು ಹಗೆಯವನನ್ನ ಕೈಗೇ ಕೊಟ್ಟ.

31 ಜುಲೈ, ಶುಕ್ರವಾರ

ಶ್ರಾವಣ. ಗಂಗಾಭವಾನಿ ಜೊತೆ ಪೇರಂಟಕ್ಕೆ ಹೋದೆ, ನಮ್ಮ ಅರಿಶಿನ ಕುಂಕುಮವೇ. ಕಾಲಿಗೆ ಅರಿಶಿನ ಹಚ್ಚಿ, ಮಡಿಲಿಗೆ ನೆನೆಸಿದ ಕಡಲೆ ಹಾಕ್ತಾರೆ. ಆಮೇಲೆ ಜಮಖಾನದ ಮೇಲೆ ಮಾತು. ಗಂಡಸರು ಛತ್ರಕ್ಕೆ ಅಡ್ವಾನ್ಸ್ ಕೊಡಬಹುದು, ಯಾವ ಛತ್ರ ಅನ್ನೋದು ತೀರ್ಮಾನ ಆಗೋದು ಈ ಜಮಖಾನದ ಮೇಲೆ.

ಶಾರದಾಳನ್ನ ತೊಡೆ ಮೇಲೆ ಕೂರಿಸ್ಕೊಂಡು ಶುರು ಮಾಡಿದೆ. "ಸೂರ್ಯಪ್ರಕಾಶನ ಹೋಟೆಲಾ? ಅಯ್ಯೋ ಬೇಡ್ರಮ್ಮಾ..."

9 ಆಗಸ್ಟ್

ಮಡಿಲು ತುಂಬ ಕಡಲೆ, ಬಾಯಿ ತುಂಬ ಸೂರ್ಯಪ್ರಕಾಶ. ವರಲಕ್ಷ್ಮಿ ಹಬ್ಬದ ದಿನ ಕರೆದ ಮನೆ ಒಂದೂ ಬಿಡಲಿಲ್ಲ. ಅವನ ಹೋಟೆಲಲ್ಲಿ ಎರಡು ಮದುವೆ ಕ್ಯಾನ್ಸಲ್ ಅಂತೆ!

ಇವರು ಗುರ್ ಅಂದರು. "ಏನೇ ಹೇಳ್ಕೊಂಡ್ ತಿರುಗ್ತಿದೀಯಾ?"

"ಕುಂಕುಮ ತಗೊಂಡ್ ಬರ್ತಿದೀನಿ, ಅಷ್ಟೇ ಕಣ್ರೀ."

ರಾತ್ರಿ ಊಟಕ್ಕೆ ಹೋಳಿಗೆ ಮಾಡಿದೆ. ಯಾಕೆ ಅಂತ ಕೇಳೋ ಧೈರ್ಯ ಇವರಿಗೆ ಬರಲಿಲ್ಲ.

13 ಆಗಸ್ಟ್

ಅವನ ಹೆಂಡತಿ ಕೋಟೇಶ್ವರಮ್ಮ ಹುಡುಕಿಕೊಂಡು ಬಂದಳು. ಕೈಯಲ್ಲಿ ಕುಂಕುಮದ ಬೆಳ್ಳಿ ಭರಣಿ. ಮುತ್ತೈದೆ ಕುಂಕುಮ ಇಡೋಕೆ ಬಂದರೆ ಬೇಡ ಅನ್ನೋಕಾಗುತ್ತಾ? ಹಣೆ ಕೊಟ್ಟೆ. ಮನಸ್ಸು ಕೊಡಲಿಲ್ಲ.

ಬಳ್ಳಾರಿ ಕಡೆ ಹುಟ್ಟಿದವಳಂತೆ, ಕನ್ನಡ ಬರುತ್ತೆ. "ತಪ್ಪು ನಮ್ಮದೇ ಅಮ್ಮಾ. ಬೇಲಿ ಹಾಕಿಸೀವಿ. ಬಂದು ನೋಡ್ರಿ."

ಹೋದೆ. ನನ್ನ ಎದೆಮಟ್ಟದ ಬೇಲಿ. ಮಗು ತೂರದ ಹಾಗೆ ಒತ್ತೊತ್ತಾಗಿ ಸರಳು. ಬಿಟ್ಟರೆ ತಾನೇ ಮುಚ್ಚಿಕೊಳ್ಳೋ ಗೇಟು, ಚಿಲಕ ಮೇಲ್ಗಡೆ. ನೀರು ಕಾಯೋಕೇ ಅಂತ ಒಬ್ಬ ಮನುಷ್ಯ, ಅವನಿಗೆ ಬೇರೆ ಕೆಲಸ ಹೇಳೋ ಹಾಗಿಲ್ಲವಂತೆ. ಅಲ್ಲಾಡಿಸಿ ನೋಡಿದೆ. ಒದ್ದೂ ನೋಡಿದೆ. ತಪ್ಪು ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಇನ್ನ ಮ್ಯಾಲೆ ಒಂದು ಒಳ್ಳೆ ಮಾತು ಹೇಳ್ರಿ ಅಮ್ಮಾ."

"ಆಯ್ತು" ಅಂದೆ.

14 ಆಗಸ್ಟ್, ಶುಕ್ರವಾರ

ಗಂಗಾಭವಾನಿ ಮಗಳ ಮದುವೆ ಇಪ್ಪತ್ತಮೂರಕ್ಕೆ, ಸೂರ್ಯಪ್ರಕಾಶನ ಹೋಟೆಲಲ್ಲೇ ಗೊತ್ತಾಗಿತ್ತು. ಪೇರಂಟದಲ್ಲಿ ಎಲ್ಲರ ಎದುರು ಕೇಳಿದರು, "ಕಂಚೆ ವೇಶಾರಟ ಕದಾ, ನಿಜಮೇನಾ?" ಬೇಲಿ ಹಾಕಿದ್ದಾರಂತಲ್ಲ, ನಿಜಾನಾ ಅಂತ.

"ಬರೀ ಮಾತು. ಏನೂ ಹಾಕಿಲ್ಲ" ಅಂದೆ.

ಎಷ್ಟು ಸಲೀಸಾಗಿ ಬಂತು! ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಹಾಯಾಗಿದೆ. ಅವನು ನನಗೆ ಅಂಟಿಸಿದ ಮಸಿ ನಾನು ಅವನಿಗೆ ಬಳಿದೆ.

18 ಆಗಸ್ಟ್

ಗಂಗಾಭವಾನಿ ಮದುವೆ ಜಾಗ ಬದಲಾಯಿಸಿದರು. ಬೇರೆ ಯಾವುದೋ ಹೋಟೆಲಂತೆ. ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದರು. ಗೆದ್ದೆ.

23 ಆಗಸ್ಟ್, ಭಾನುವಾರ, ಬೆಳಿಗ್ಗೆ

ಇವರು ಆಟೋ ತರೋಕೆ ಹೋಗಿದ್ದಾರೆ. ಇನ್ನೂ ಬಂದಿಲ್ಲ. ಸುಮ್ಮನೆ ಕೂರೋಕಾಗದೆ ಬರೀತಿದೀನಿ.

ಗಂಗಾಭವಾನಿ ಗಂಡ ಜಗನ್ಮೋಹನ್ ಈಗ ಬಂದಿದ್ದರು, ಬಾಸಿಂಗ ಮರೆತು ಹೋಗಿತ್ತಂತೆ. ಮಕ್ಕಳೆಲ್ಲ ಎಲ್ಲಿ ಅಂತ ಕೇಳಿದೆ. ನಗ್ತಾ ಹೇಳಿದರು: ಮೊದಲ ವ್ಯಾನಲ್ಲೇ ಹೋಗಿದ್ದಾರೆ, ಎಲ್ಲ ಪೂಲ್ ಹತ್ತಿರ ಆಡ್ತಿದ್ದಾರೆ, ದೊಡ್ಡವರೆಲ್ಲ ಮಂಟಪದ ಕೆಲಸದಲ್ಲಿ. ಅಲ್ಲೂ ಪೂಲಾ? ಬೇಲಿ? "ಅವೇಮೀ ಲೇವಮ್ಮಾ" — ಅದೆಲ್ಲ ಏನೂ ಇಲ್ಲ. ನಾನು ಕಿರುಚಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ಭಯಮೆಂದುಕು? ಅದಿ ಸೂರ್ಯಪ್ರಕಾಶದಿ ಕಾದು ಕದಾ!" ಭಯ ಯಾಕೆ, ಅದು ಸೂರ್ಯಪ್ರಕಾಶನದಲ್ಲವಲ್ಲ ಅಂತ. ಸ್ಕೂಟರ್ ಒದ್ದು ಹೊರಟೇ ಹೋದರು.

ಶ್ರಾವಣ ಪೂರ್ತಿ ನಾನು ಹೇಳಿದ್ದು ಅವನ ಹೆಸರು. ಅವರೆಲ್ಲ ಕೇಳಿಸಿಕೊಂಡಿದ್ದೂ ಅಷ್ಟೇ. ನೀರಿನ ಮಾತು ಯಾರ ಕಿವಿಗೂ ಬಿದ್ದಿಲ್ಲ.

ಶಾರದಾ ಲಂಗ ಹಾಕ್ಕೊಂಡು ನನ್ನ ಪಕ್ಕದಲ್ಲೇ ಇದ್ದಾಳೆ. ಬೇರೆಯವರ ಮಕ್ಕಳು ಅಲ್ಲಿ.

ಆಟೋ ಸದ್ದು. ಹೋದ ತಕ್ಷಣ ಮಕ್ಕಳನ್ನ ಎಳೀಬೇಕು. ಆಮೇಲೆ ಎಲ್ಲರ ಮುಂದೆ ಹೇಳಬೇಕು, ಸೂರ್ಯಪ್ರಕಾಶನ ಹೋಟೆಲಲ್ಲಿ ಬೇಲಿ ಇತ್ತು, ನಾನೇ ಒದ್ದು ನೋಡಿದ್ದೆ, ನಾನು ಹೇಳಿದ್ದು