ಅಮ್ಮನ ಕೈಯ ಕ್ಯಾಮೆರಾ

ಮನೆಯಿಂದ,
ಫೆಬ್ರವರಿ ೯, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ತಮ್ಮನಿಗೆ,

ನಿನ್ನ ಸೊಂಟನೋವು ಹೇಗಿದೆ? ಎಂಜಿನ್ ಕೋಣೆಯ ಏಣಿಯನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವವನು ಬೆಲ್ಟ್ ಕಟ್ಟಿಕೊಳ್ಳದೆ ತಿರುಗುತ್ತೀಯಂತೆ, ನಿನ್ನ ಹೆಂಡತಿ ದೂರು ಹೇಳಿದಳು. ನಲವತ್ತನಾಲ್ಕಾಯಿತು ಕಣೋ. ಹಡಗನ್ನಾದರೆ ಕಾಲಕಾಲಕ್ಕೆ ದಡಕ್ಕೆಳೆದು ನೋಡುತ್ತೀರಿ, ನಿನ್ನ ಬೆನ್ನನ್ನೂ ಯಾರಿಗಾದರೂ ಒಮ್ಮೆ ತೋರಿಸು. ಇಲ್ಲಿ ನಾವು ಆರಾಮಾಗಿದ್ದೇವೆ. ಅಮ್ಮನ ಬಿಪಿ ಹಿಡಿತದಲ್ಲಿದೆ. ಕಣ್ಣು ಇದ್ದ ಹಾಗೇ ಇದೆ: ನೋಟದ ನಟ್ಟನಡುವೆ ಆ ಮಸಿಯಂಥ ಕಲೆ, ಸುತ್ತಲ ಅಂಚಿನಲ್ಲಿ ಮಾತ್ರ ಬೆಳಕು. ಹೆಚ್ಚಾಗಿಲ್ಲ ಎಂದು ಡಾಕ್ಟರು ಹೇಳಿದ್ದನ್ನೇ ಸಿಹಿಸುದ್ದಿ ಅಂದುಕೊಂಡಿದ್ದೇವೆ. ನನಗೆ ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಬಿದ್ದಿದೆ. ದಿನವಿಡೀ ಧೂಳು, ಸೀನು, ನಡುನಡುವೆ ಕದ್ದು ಓದುವ ನಾಲ್ಕು ಸಾಲು ಕವಿತೆ.

ಮುಂದಿನ ಬಂದರಿನಲ್ಲಿ ಹೊಸ ಕ್ಯಾಮೆರಾ ಕೊಂಡು ಕಳಿಸುತ್ತೇನೆ ಎಂದೆಯಲ್ಲ, ಕಳಿಸಬೇಡ. ಅದನ್ನು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಾಲ್ಕು ಮಾತಿಗೇ ತೀರ್ಪು ಕೊಟ್ಟುಬಿಡುತ್ತೀಯ, ನಾನು ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಆರು ವರ್ಷದ ಹಿಂದೆ ನೀನು ಬಿಟ್ಟುಹೋದ ಆ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ಅಮ್ಮ ಏನು ಮಾಡುತ್ತಾಳೆಂದು ನೀನು ಹತ್ತಿರದಿಂದ ನೋಡಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಪುಟ ತೆರೆದಿಟ್ಟು, ಮೊಣಕೈ ಎರಡನ್ನೂ ಊರಿ, ಒಂದು ಫೋಟೋ ತೆಗೆಯುತ್ತಾಳೆ. ಆಮೇಲೆ ಅದನ್ನು ಹಿಗ್ಗಿಸುತ್ತ ಹೋಗುತ್ತಾಳೆ, ಒಂದೇ ಪದ ಇಡೀ ಸ್ಕ್ರೀನು ತುಂಬುವ ತನಕ. ಆಮೇಲೆ ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕ್ಯಾಮೆರಾದ ಮೇಲೆ ಏನೋ ಅನುಮಾನ ಬಂದವಳ ಹಾಗೆ, ಕಡೆಗಣ್ಣಿನಲ್ಲಿ ಓದುತ್ತಾಳೆ. ಮಾತ್ರೆಯ ಹಾಳೆ, ಕರೆಂಟ್ ಬಿಲ್ಲು, ಚಿಕ್ಕಮ್ಮನ ಕಾಗದ ಎಲ್ಲವೂ ಹೀಗೇ. ಹೊಲಿದ ಬಟ್ಟೆಯ ಅಂಚಿನ ಫೋಟೋ ತೆಗೆದು ಹೊಲಿಗೆ ನೆಟ್ಟಗಿದೆಯೇ ಎಂದೂ ನೋಡುತ್ತಾಳೆ. ಮೂವತ್ತೈದು ವರ್ಷ ಊರವರ ರವಿಕೆ ಹೊಲಿದವಳು, ಸೊಟ್ಟ ಹೊಲಿಗೆ ಸಹಿಸುವವಳಲ್ಲ. ನನ್ನ ಕವಿತೆಯ ಪುಸ್ತಕಗಳನ್ನೂ ಬಿಡುವುದಿಲ್ಲ. ನಾನು ಒಂದೇ ಉಸಿರಿಗೆ ದಾಟಿಹೋಗುವ ಸಾಲಿನಲ್ಲಿ ಅವಳು ಹತ್ತು ನಿಮಿಷ ಇರುತ್ತಾಳೆ. ಎಷ್ಟೋ ಸಲ ಅವಳು ಕಂಡದ್ದು ನನಗೆ ಕಂಡಿರುವುದಿಲ್ಲ. ಎಂ.ಎ. ಮಾಡಿದವಳು ನಾನು!

ಆ ಕ್ಯಾಮೆರಾ ಈಗ ಅಂಗಡಿಯಲ್ಲಿ ಸಿಗುವ ಯಾವ ಕ್ಯಾಮೆರಾದ ಹಾಗೂ ಇಲ್ಲ, ತಿಳಿದುಕೋ. ಹಿಗ್ಗಿಸುವ ಗುಂಡಿಗೆ ದಪ್ಪ ದಾರದ ಗಂಟು ಅಂಟಿಸಿದ್ದಾಳೆ. ತೆಗೆದ ಚಿತ್ರ ತೋರಿಸುವ ಗುಂಡಿಯ ಮೇಲೆ ರವಿಕೆಯ ಟಿಚ್ ಬಟನ್ನಿನ ಅರ್ಧ. ಅಳಿಸುವ ಗುಂಡಿಗೆ ಉಪ್ಪುಕಾಗದದ ಚೂರು, ಅಲ್ಲಿ ಬೆರಳಿಡಬಾರದು ಎಂಬ ಗುರುತಿಗೆ. ಫೋನು ಕೊಟ್ಟು ನೋಡಿದೆವಲ್ಲ, ನೆನಪಿದೆಯೇ? ಸೂಜಿ, ಇಸ್ತ್ರಿಗೆ ಸವೆದು ಗಟ್ಟಿಯಾದ ಆ ಬೆರಳುಗಳನ್ನು ಗಾಜು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ನಾನು ಬದುಕಿದೀನೋ ಇಲ್ವೋ ಅಂತಾನೇ ಇದಕ್ಕೆ ಗೊತ್ತಾಗಲ್ಲ" ಎಂದು ವಾಪಸ್ಸು ಕೊಟ್ಟಳು.

ಅದು ಬಿದ್ದದ್ದು ಹೋದ ತಿಂಗಳು, ಒಂದು ಶನಿವಾರ ಸಂಜೆ. ಎತ್ತಿ ಆನ್ ಮಾಡಿದರೆ ಲೆನ್ಸು ಅರ್ಧ ಹೊರಬಂದು, ಕರ್ ಕರ್ ಎಂದು, ಸೊಟ್ಟಗೆ ನಿಂತುಬಿಟ್ಟಿತು. ತಾನೇ ಮೇಜಿನ ತುದಿಯಲ್ಲಿ ಇಟ್ಟಿರಬೇಕು ಎಂದಳು ಅಮ್ಮ. ಮಾರನೆಯ ದಿನ ನಿನ್ನ ಫೋನು ಬಂದಾಗ ಕ್ಯಾಮೆರಾ ಬಿದ್ದ ಸುದ್ದಿ ನಾನು ಹೇಳಿದೆ. ನಾನು ಪಾತ್ರೆ ತೊಳೆಯುತ್ತಿದ್ದೆ, ಕೈ ಒದ್ದೆ, ಸ್ಪೀಕರಿಗೆ ಹಾಕಿದ್ದೆ. ಅಮ್ಮ ಅಲ್ಲೇ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. "ಇನ್ನು ಮೇಲೆ ಅಮ್ಮನ ಕೈಗೆ ಏನೂ ಕೊಡ್ಬೇಡ ಅಕ್ಕ. ಇವತ್ತು ಕ್ಯಾಮೆರಾ, ನಾಳೆ ಇಸ್ತ್ರಿಪೆಟ್ಟಿಗೆ" ಎಂದೆ ನೀನು. ಹೊಸದು ಬಂದ ಮೇಲೆ ಅದು ನನ್ನ ಬಳಿಯೇ ಇರಲಿ, ಏನು ಬೇಕೋ ನಾನೇ ಓದಿ ಹೇಳಬೇಕು ಎಂದೂ ಅಂದೆ. ನೀನು ಕಾಳಜಿಯಿಂದ ಹೇಳಿದ್ದು, ನನಗೆ ಗೊತ್ತು. ಆದರೆ ಆ ಮಾತು ಕೇಳಿದವಳು ನಾನಲ್ಲ, ಅವಳು. ಮಾರನೆಯ ಬೆಳಿಗ್ಗೆ ಕತ್ತರಿ, ಸೂಜಿಡಬ್ಬಿ ಎರಡನ್ನೂ ತಂದು ನನ್ನ ಬೀರುವಿನಲ್ಲಿಟ್ಟಳು. ಮಾತ್ರೆ ನೀನೇ ಎಣಿಸಿಕೊಡು ಅಂದಳು. ಒಂದು ಲೋಟ ಹಾಲು ಬಿಸಿ ಮಾಡಲೂ ನನ್ನನ್ನು ಕೇಳತೊಡಗಿದಳು. ತನ್ನ ಮನೆಯಲ್ಲೇ ನೆಂಟಳಾಗಿಬಿಟ್ಟಳು.

ಆಗಲೇ ಹಟ ಹಿಡಿದೆ, ಇದೇ ಕ್ಯಾಮೆರಾ ಮತ್ತೆ ಅವಳ ಕೈಗೆ ಬರಬೇಕು ಎಂದು. ಮೊದಲು ಹೋದದ್ದು ದೊಡ್ಡ ರಸ್ತೆಯ ಅಂಗಡಿಗೆ. ಅಂಗಡಿಯವರು ನೋಡಿ ನಕ್ಕರು, ಇದನ್ನು ರಿಪೇರಿ ಮಾಡಿಸುವ ದುಡ್ಡಿಗೆ ಹೊಸದೇ ಬರುತ್ತದೆ ಎಂದರು. ಸುಳ್ಳೇನೂ ಅಲ್ಲ. ಆಮೇಲೆ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ ಗಡಿಯಾರ ರಿಪೇರಿಯವರೊಬ್ಬರು ಸಿಕ್ಕರು. ಒಂದು ಕಣ್ಣಿಗೆ ಸದಾ ಭೂತಗನ್ನಡಿ, ಮನುಷ್ಯರನ್ನೂ ಅದರಲ್ಲೇ ನೋಡುತ್ತಾರೆ. ಬಿಚ್ಚಿ ನೋಡಿ, ಅಕ್ಕಿಕಾಳಿಗಿಂತ ಚಿಕ್ಕ ಚಕ್ರದ ಒಂದು ಹಲ್ಲು ಮುರಿದಿದೆ, ಈಗ ಇದರ ಭಾಗಗಳು ಎಲ್ಲೂ ಬರುವುದಿಲ್ಲ, ಇಂಥದ್ದೇ ಇನ್ನೊಂದು ಸತ್ತ ಕ್ಯಾಮೆರಾ ತಂದರೆ ನೋಡೋಣ ಅಂದರು. ನಾನು ಲೈಬ್ರರಿಯ ಬೋರ್ಡಿಗೆ ಚೀಟಿ ಅಂಟಿಸಿದೆ. ಬಂದವರನ್ನೆಲ್ಲ ಕೇಳಿದೆ. ಜನ ನನ್ನನ್ನು ಕಂಡರೆ ಬೇರೆ ಕಪಾಟಿನ ಕಡೆ ಹೋಗುವ ಹಾಗಾಯಿತು. ಕೊನೆಗೆ ಒಬ್ಬ ಸರ್ವೇಯರ್, ಗುದ್ದಿಕೊಂಡ ಕಾರುಗಳ ಫೋಟೋ ತೆಗೆದು ವರದಿ ಬರೆಯುವವರು, ತಮ್ಮ ಡ್ರಾಯರಿನಿಂದ ಅದೇ ಮಾಡೆಲ್ ತಂದುಕೊಟ್ಟರು. ಸ್ಕ್ರೀನು ಕತ್ತಲೆ, ಲೆನ್ಸು ಮಾತ್ರ ಗಟ್ಟಿಮುಟ್ಟು. ಪ್ರತಿಯಾಗಿ ಕಾದಂಬರಿಯೊಂದನ್ನು ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆಂದರು. ವರ್ಷ ಬೇಕಾದರೂ ಇಟ್ಟುಕೊಳ್ಳಿ ಅಂದೆ.

ರಿಪೇರಿಯವರು ಲೆನ್ಸು ಬದಲಿಸಿಕೊಡುತ್ತೇನೆ, ಜೊತೆಗೆ ಈ ಗಂಟು ಗಿಂಟು ಕಿತ್ತು ಚೊಕ್ಕ ಮಾಡಿಕೊಡುತ್ತೇನೆ ಎಂದು ಚಿಮಟ ಎತ್ತಿದರು. ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ಯಾವುದು ಯಾತಕ್ಕೆಂದು ಹೇಳಿದೆ. ಅವರು ಭೂತಗನ್ನಡಿ ತೆಗೆದಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಂದೊಂದನ್ನೇ ಸವರಿ ನೋಡಿದರು. ಬುಧವಾರ ಬನ್ನಿ, ಇದ್ಯಾವುದನ್ನೂ ಮುಟ್ಟುವುದಿಲ್ಲ ಅಂದರು.

ಬುಧವಾರ ತಂದೆ. ಚಿತ್ರ ಸ್ಪಷ್ಟವಾಗಲು ಮೊದಲಿಗಿಂತ ಒಂದು ಕ್ಷಣ ತಡ, ಮಿಕ್ಕಿದ್ದೆಲ್ಲ ಸರಿಯಾಗಿದೆ. ಆದರೆ ನಾಲ್ಕು ದಿನವಾಯಿತು, ಅಮ್ಮ ಅದನ್ನು ಮುಟ್ಟಿಲ್ಲ. ಮತ್ತೆ ಬೀಳಿಸಿದರೆ ನಿನ್ನ ಓಡಾಟವೆಲ್ಲ ಮಣ್ಣುಪಾಲು, ನೀನೇ ಓದಿಬಿಡು ಅನ್ನುತ್ತಾಳೆ. ಓದುತ್ತೇನೆ. ಆದರೆ ನಾನು ಓದುವಾಗ ಅವಳು ಕೇಳುತ್ತಾಳೆ, ಅಷ್ಟೆ. ಎಲ್ಲಿ ನಿಲ್ಲಬೇಕು ಎಂಬುದು ನನ್ನ ಕೈಯಲ್ಲಿರುತ್ತದೆ. ನಾನು ಬಿಡುವವಳಲ್ಲ, ನೋಡುತ್ತಿರು.

ದೇವರು ನಿನ್ನನ್ನು, ನಿನ್ನ ಹಡಗನ್ನು, ಆ ಸೊಂಟವನ್ನು ಚೆನ್ನಾಗಿಟ್ಟಿರಲಿ. ನಿನ್ನ ಎಂಜಿನ್ ಕೋಣೆಯ ಗೆಳೆಯರಿಗೆಲ್ಲ ನನ್ನ ನಮಸ್ಕಾರ ಹೇಳು.

ಪ್ರೀತಿಯಿಂದ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಕ್ಯಾಮೆರಾ ಬೀಳಿಸಿದ್ದು ನಾನು. ಮೇಜು ಒರೆಸಲು ಅದನ್ನೆತ್ತಿ, ಪಟ್ಟಿ ಹಿಡಿದು ಕುರ್ಚಿಯ ಬೆನ್ನಿಗೆ ನೇತುಹಾಕಿದೆ, ಮರೆತು ಕುರ್ಚಿ ಎಳೆದೆ. ಅಮ್ಮ ತಪ್ಪು ತನ್ನದೆಂದಾಗ ಸುಮ್ಮನಿದ್ದೆ. ನೀನು ಅವಳನ್ನು ಅಂದಾಗಲೂ ಸುಮ್ಮನಿದ್ದೆ. ರಿಪೇರಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ಮೂರು ವಾರ ಊರೆಲ್ಲ ಅಲೆದೆ, ಹೇಳಬೇಕಾದ ಒಂದು ಮಾತು ಹೇಳದೆ. ಮೇಲಿನ ಸಹಿ ಹಾಕಿದ ಮೇಲೆ ಪೆನ್ನಿಟ್ಟು ಎದ್ದುಹೋಗಿ ಅವಳಿಗೆ ಹೇಳಿ ಬಂದೆ. "ಮೂರು ವಾರ ನನ್ನನ್ನ ಕುರುಡಿ ಮಾಡಿಟ್ಟಿದ್ಯಲ್ಲೇ" ಎಂದಳು. ಕೋಪ ಮಾಡಿಕೊಳ್ಳಲಿ, ಅವಳ ಕೋಪ ನನಗೆ ಬೇಕು. ನಿನ್ನ ಮಾತನ್ನು ನೀನು ವಾಪಸ್ಸು ತೆಗೆದುಕೊಳ್ಳಬೇಕು, ನನ್ನ ಮೂಲಕ ಅಲ್ಲ. ಈ ಕಾಗದ ಸಿಕ್ಕಿದ ದಿನವೇ ಅವಳಿಗೆ ಬರೆ. ಲಕೋಟೆಯ ಮೇಲೆ ಅವಳ ಹೆಸರಿರಲಿ, ದಪ್ಪ ಪೆನ್ನಿನಲ್ಲಿ ಬಿಡಿಸಿ ಬರೆ. ನಾನು ಓದಿ ಹೇಳುವುದಿಲ್ಲ.